ಮಾತ್ರೆ ಇಲ್ಲದ ನಿದ್ದೆಗೆ ಲೆಕ್ಕ ಇಡೋರು ಯಾರು?

ಇಂಟರ್ನಲ್ಸ್‌ಗೆ ಒಂದು ವಾರ ಇದೆ ಅನ್ನುವಾಗ ನಮ್ಮ ಹಾಸ್ಟೆಲ್ ಗ್ರೂಪಿನಲ್ಲಿ ರಾತ್ರಿ ಎರಡೂವರೆಗೆ ಒಂದು ಮೆಸೇಜ್ ಬಂತು: "ಯಾರ ಹತ್ರಾದ್ರೂ ನಿದ್ದೆ ಮಾತ್ರೆ ಇದ್ಯಾ?" ಐದೇ ನಿಮಿಷದಲ್ಲಿ ಹನ್ನೊಂದು ಉತ್ತರ. ಅಂದರೆ ಆ ಹೊತ್ತಿನಲ್ಲಿ ಎಚ್ಚರ ಇದ್ದವನು ಕೇಳಿದವನೊಬ್ಬನೇ ಅಲ್ಲ. ಒಬ್ಬ ಬಿಸಿ ಹಾಲು ಕುಡಿ ಅಂದ. ಇನ್ನೊಬ್ಬ, ನಮ್ಮ ಮಾವನ ಶೀಟಲ್ಲಿ ನಾಲ್ಕು ಉಳಿದಿದೆ, ಬೆಳಗ್ಗೆ ಕೊಡ್ತೀನಿ ಅಂದ. ಮತ್ತೊಬ್ಬ, "ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪುಸ್ತಕ ತೆಗಿ, ತಾನಾಗೇ ಬರುತ್ತೆ" ಅಂದ. ಎಲ್ಲರೂ ನಕ್ಕರು, ಗ್ರೂಪ್ ತಣ್ಣಗಾಯಿತು. ಕೇಳಿದವನು ಮಾತ್ರ ಬೆಳಗಿನವರೆಗೆ ಆನ್‌ಲೈನ್ ಇದ್ದ.

ನಾವು ಆ ರಾತ್ರಿ ಹೇಳಬಹುದಾಗಿದ್ದ, ಆದರೆ ನಮಗೇ ಗೊತ್ತಿಲ್ಲದಿದ್ದ ಒಂದು ಮಾತಿದೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಯಿಲ್ಲದ ಚಿಕಿತ್ಸೆ ಇದೆ. ಅದು ಮನೆಮದ್ದಲ್ಲ, ಐವತ್ತು ವರ್ಷದಿಂದ ಪರೀಕ್ಷೆಗೆ ಒಳಗಾಗಿರೋ ವಿಧಾನ. 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್, ದೊಡ್ಡವರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಇದೇ, ಮಾತ್ರೆಯ ಮಾತು ಆಮೇಲೆ ಎಂದು ಮಾರ್ಗಸೂಚಿ ಕೊಟ್ಟಿತು. ಮರುವರ್ಷ ಯುರೋಪಿನ ಮಾರ್ಗಸೂಚಿಯೂ ಅದನ್ನೇ ಹೇಳಿತು. ಇದರ ಹೆಸರು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಫಾರ್ ಇನ್ಸಾಮ್ನಿಯಾ, ಚಿಕ್ಕದಾಗಿ ಸಿಬಿಟಿ-ಐ.

ಇದರ ಬಗ್ಗೆ ಓದುತ್ತಾ ಹೋದಾಗ ನಮಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮಾತ್ರೆಯ ಪರೀಕ್ಷೆಗೆ ಕಂಪನಿ ಇರುತ್ತೆ. "ರಾತ್ರಿ ಹನ್ನೆರಡೂವರೆಗಿಂತ ಮುಂಚೆ ಹಾಸಿಗೆಗೆ ಹೋಗಬೇಡಿ" ಅನ್ನೋ ಸಲಹೆಯ ಪರೀಕ್ಷೆಗೆ ಯಾರಿರುತ್ತಾರೆ? ಹೆಚ್ಚಾಗಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ, ಒಬ್ಬ ಪೋಸ್ಟ್‌ಡಾಕ್, ಕೆಲಸ ಖಾಯಂ ಆಗದ ಒಬ್ಬ ಯುವ ಅಧ್ಯಾಪಕಿ. ಇವರ ಫೆಲೋಶಿಪ್ ಮುಗಿದರೆ ಆ ಪ್ರಶ್ನೆಯೂ ಅಲ್ಲೇ ನಿಲ್ಲುತ್ತೆ. ಈ ಲೇಖನ ಚಿಕಿತ್ಸೆಯ ಬಗ್ಗೆ ಎಷ್ಟೋ, ಅವರ ಬಗ್ಗೆಯೂ ಅಷ್ಟೇ.

ನಿದ್ದೆ ನಾವು ಮಾಡೋದಾ, ಅದಾಗಿ ಬರೋದಾ?

ಮೊದಲು ಚಿಕಿತ್ಸೆ ಹೇಗೆ ಕೆಲಸ ಮಾಡುತ್ತೆ ನೋಡೋಣ. ಇದು ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠಕ್ಕೆ ಎಷ್ಟು ಹತ್ತಿರ ಅಂದರೆ, ಓದುವಾಗ ನಮಗೇ ಆಶ್ಚರ್ಯ ಆಯಿತು.

1982ರಲ್ಲಿ ಜ್ಯೂರಿಕ್‌ನ ಅಲೆಕ್ಸಾಂಡರ್ ಬೋರ್ಬೆಲಿ ನಿದ್ದೆಗೆ ಎರಡು ಪ್ರಕ್ರಿಯೆಗಳ ಮಾದರಿ ಕೊಟ್ಟರು. ಒಂದು, ಎಚ್ಚರ ಇದ್ದಷ್ಟೂ ಹೊತ್ತು ಏರುತ್ತಾ ಹೋಗಿ, ಮಲಗಿದಾಗ ಇಳಿಯುವ ನಿದ್ದೆಯ ಒತ್ತಡ. ಕೆಪಾಸಿಟರ್ ಚಾರ್ಜ್, ಡಿಸ್ಚಾರ್ಜ್ ಆಗೋ ಗ್ರಾಫ್ ನೆನಪಿಸಿಕೊಳ್ಳಿ, ಆಕಾರ ಹೆಚ್ಚುಕಮ್ಮಿ ಅದೇ. ಇನ್ನೊಂದು, ಸುಮಾರು 24 ಗಂಟೆಗೊಮ್ಮೆ ಸುತ್ತುವ ದೇಹದ ಗಡಿಯಾರ. ಒತ್ತಡ ಸಾಕಷ್ಟು ಏರಿ, ಗಡಿಯಾರವೂ ಒಪ್ಪಿದಾಗ ನಿದ್ದೆ ಹತ್ತುತ್ತೆ. ರಾತ್ರಿ ಹತ್ತಕ್ಕೆ ಕುಡಿದ ಫಿಲ್ಟರ್ ಕಾಫಿ ಒತ್ತಡವನ್ನು ಇಳಿಸಲ್ಲ. ಅದರಲ್ಲಿರುವ ಕೆಫೀನ್, ಅಡಿನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ಒತ್ತಡ ಇರೋದನ್ನ ಮಿದುಳಿಗೆ ತಿಳಿಯದ ಹಾಗೆ ಮಾಡುತ್ತೆ, ಅಷ್ಟೇ. ಮೀಟರಿಗೆ ಬಟ್ಟೆ ಮುಚ್ಚಿದ ಹಾಗೆ.

ಕನ್ನಡದಲ್ಲಿ ನಾವು "ನಿದ್ದೆ ಹತ್ತಿತು", "ನಿದ್ದೆ ಬಂತು", "ನಿದ್ದೆಗೆ ಜಾರಿದೆ" ಅಂತೀವಿ. ಇಲ್ಲಿ ಕೆಲಸ ಮಾಡೋದು ನಿದ್ದೆ, ನಾವಲ್ಲ. ನಿದ್ರಾಹೀನತೆಯಿಂದ ಒದ್ದಾಡುವವರು ಮಾಡುವ ದೊಡ್ಡ ತಪ್ಪು ಇದನ್ನ ತಿರುಗಿಸೋದು. ನಿದ್ದೆ ಮಾಡಲೇಬೇಕು ಅಂತ ಹಠ ಹಿಡಿದು, ಒಂಬತ್ತಕ್ಕೇ ದೀಪ ಆರಿಸಿ, ಹತ್ತು ಗಂಟೆ ಹಾಸಿಗೆಯಲ್ಲಿ ಬಿದ್ದು, ಗಡಿಯಾರ ನೋಡುತ್ತಾ ಲೆಕ್ಕ ಹಾಕುತ್ತಾರೆ: ಈಗ ನಿದ್ದೆ ಬಂದರೂ ಐದು ಗಂಟೆ ಸಿಗುತ್ತೆ, ಈಗ ಬಂದರೂ ನಾಲ್ಕು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನೋ ಗಾದೆ ಅರ್ಧ ಮಾತ್ರ ಸರಿ. ನ್ಯೂಯಾರ್ಕಿನ ಆರ್ಥರ್ ಸ್ಪೀಲ್‌ಮನ್ ನಿದ್ರಾಹೀನತೆಗೆ ಮೂರು ಬಗೆಯ ಕಾರಣಗಳನ್ನು ಬೇರೆ ಮಾಡಿದರು. ಮೊದಲಿಂದಲೇ ಇರೋ ಸ್ವಭಾವ ಒಂದು, ಶುರು ಮಾಡಿಸಿದ ಘಟನೆ ಒಂದು, ಅದನ್ನು ಮುಂದುವರಿಸುವ ಅಭ್ಯಾಸಗಳು ಇನ್ನೊಂದು. ಚಿಂತೆ ಎರಡನೇ ಸಾಲಿನದು. ಬ್ಯಾಕ್‌ಲಾಗ್ ಕ್ಲಿಯರ್ ಆಗುತ್ತೆ, ಜಗಳ ಮುಗಿಯುತ್ತೆ, ಮನೆಯಲ್ಲಿ ಕಾಯಿಲೆ ಬಿದ್ದವರು ಗುಣ ಆಗುತ್ತಾರೆ. ಆದರೆ ಆ ದಿನಗಳಲ್ಲಿ ಹತ್ತಿದ ಅಭ್ಯಾಸಗಳು, ಅಂದರೆ ಮಧ್ಯಾಹ್ನದ ಮೂರು ಗಂಟೆ ನಿದ್ದೆ, ಹಾಸಿಗೆಯಲ್ಲೇ ಓದು, ಊಟ, ಸೀರೀಸು, ಭಾನುವಾರ ಹನ್ನೊಂದರವರೆಗೆ ಮಲಗೋದು, ಉಳಿದುಬಿಡುತ್ತವೆ. ಬೆಂಕಿ ಹಚ್ಚಿದ ಕಡ್ಡಿ ಯಾವಾಗಲೋ ಆರಿದೆ, ಸೌದೆ ಹಾಕುತ್ತಿರೋದು ಈ ಅಭ್ಯಾಸ. ಚಿಕಿತ್ಸೆ ಕೈ ಹಾಕೋದು ಈ ಸೌದೆಗೆ.

1972ರಲ್ಲಿ ರಿಚರ್ಡ್ ಬೂಟ್ಜಿನ್ ಕೊಟ್ಟ ಸ್ಟಿಮ್ಯುಲಸ್ ಕಂಟ್ರೋಲ್ ವಿಧಾನ ಕೇಳಿದರೆ ಅಜ್ಜಿ ಮಾತಿನಷ್ಟು ಸರಳ. ನಿದ್ದೆ ಒತ್ತಿಕೊಂಡು ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಹಾಸಿಗೆ ನಿದ್ದೆಗೆ ಮಾತ್ರ. ಕಾಲು ಗಂಟೆ, ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಬಂದಾಗ ವಾಪಸ್ ಬನ್ನಿ. ಎಷ್ಟೇ ಹೊತ್ತಿಗೆ ಮಲಗಿದ್ದರೂ ಬೆಳಗ್ಗೆ ಅದೇ ಹೊತ್ತಿಗೆ ಏಳಿ. ಹಗಲು ಮಲಗಬೇಡಿ. ಹಾಸಿಗೆ ಅಂದರೆ ಒದ್ದಾಟ ಅಂತ ಮಿದುಳು ಕಲಿತಿರೋದನ್ನ ಮರೆಸಿ, ಹಾಸಿಗೆ ಅಂದರೆ ನಿದ್ದೆ ಅಂತ ಮತ್ತೆ ಕಲಿಸೋದು ಇದರ ಉದ್ದೇಶ.

"ಬೇರೆ ಕೋಣೆಗೆ ಹೋಗಿ" ಅನ್ನೋ ಕಡೆ ನೀವೂ ನಕ್ಕಿರಬೇಕು. ಮೂರು ಮಂಚ, ಮೂರು ಟೇಬಲ್, ಒಂದು ಫ್ಯಾನ್ ಇರೋ ರೂಮಿನಲ್ಲಿ ಹಾಸಿಗೆಯೇ ಸೋಫಾ, ಹಾಸಿಗೆಯೇ ಸ್ಟಡಿ ಟೇಬಲ್. ಕಾರಿಡಾರಿಗೆ ಹೋದರೆ ಸೊಳ್ಳೆ. ಈ ಮಾತಿಗೆ ಕೊನೆಯಲ್ಲಿ ವಾಪಸ್ ಬರ್ತೀವಿ, ಯಾಕಂದ್ರೆ ಅದು ಬರೀ ಜೋಕ್ ಅಲ್ಲ.

ವಾರಕ್ಕೊಮ್ಮೆ ಸ್ಯಾಂಪಲ್, ಹದಿನೈದು ನಿಮಿಷದ ಸ್ಟೆಪ್

ಸಿಬಿಟಿ-ಐನ ಎರಡನೇ ಮುಖ್ಯ ಭಾಗ ಸ್ಲೀಪ್ ರಿಸ್ಟ್ರಿಕ್ಷನ್. 1987ರಲ್ಲಿ ಸ್ಪೀಲ್‌ಮನ್ ಮತ್ತು ಸಂಗಡಿಗರು 35 ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಇದನ್ನು ವಿವರಿಸಿದರು. ಒಂದು ಉದಾಹರಣೆ ತಗೊಳ್ಳೋಣ.

ಒಬ್ಬಳು ರಾತ್ರಿ ಹತ್ತೂವರೆಗೆ ಮಲಗಿ ಬೆಳಗ್ಗೆ ಏಳಕ್ಕೆ ಏಳುತ್ತಾಳೆ. ಹಾಸಿಗೆಯಲ್ಲಿ ಇದ್ದದ್ದು ಎಂಟೂವರೆ ಗಂಟೆ. ಎರಡು ವಾರ ದಿನಾ ಬೆಳಗ್ಗೆ ಡೈರಿ ಬರೆದು ನೋಡಿದರೆ ನಿಜವಾಗಿ ನಿದ್ದೆ ಮಾಡಿದ್ದು ಸರಾಸರಿ ಐದೂವರೆ ಗಂಟೆ. ನಿದ್ದೆಯ ಸಮಯವನ್ನು ಹಾಸಿಗೆಯ ಸಮಯದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರೋದು ನಿದ್ದೆಯ ದಕ್ಷತೆ. ಇವಳದ್ದು ಸುಮಾರು 65 ಪ್ರತಿಶತ. ಈಗ ಚಿಕಿತ್ಸಕಿ ಏನು ಮಾಡುತ್ತಾಳೆ? ಇನ್ನೂ ಬೇಗ ಮಲಗು ಅನ್ನಲ್ಲ. ಹಾಸಿಗೆಯ ಸಮಯವನ್ನೇ ಐದೂವರೆ ಗಂಟೆಗೆ ಇಳಿಸುತ್ತಾಳೆ. ಏಳೋದು ಆರಕ್ಕೆ, ಹಾಗಾದರೆ ಮಲಗೋದು ಹನ್ನೆರಡೂವರೆಗೆ, ಮುಂಚೆ ಅಲ್ಲ. ಮೊದಲ ವಾರ ನರಕ. ಆದರೆ ಒತ್ತಡ ಏರುತ್ತೆ, ನಿದ್ದೆ ಬೇಗ ಹತ್ತುತ್ತೆ, ನಡುವೆ ಎಚ್ಚರ ಆಗೋದು ಕಡಿಮೆಯಾಗುತ್ತೆ. ವಾರದ ಕೊನೆಗೆ ಐದು ಗಂಟೆ ನಿದ್ದೆ ಬಂದಿದೆ ಅನ್ನಿ, ದಕ್ಷತೆ 90 ದಾಟಿತು. ಈಗ 15 ನಿಮಿಷ ಬಹುಮಾನ, ಹನ್ನೆರಡೂಕಾಲಿಗೆ ಮಲಗಬಹುದು. 85ಕ್ಕಿಂತ ಕೆಳಗೆ ಬಿದ್ದರೆ ಅಷ್ಟೇ ಕಡಿತ. ಎರಡರ ನಡುವೆ ಇದ್ದರೆ ಇದ್ದಹಾಗೇ ಇನ್ನೊಂದು ವಾರ.

ಸೆಟ್ ಪಾಯಿಂಟ್ ಇದೆ, ಫೀಡ್‌ಬ್ಯಾಕ್ ಇದೆ, ಸ್ಯಾಂಪ್ಲಿಂಗ್ ವಾರಕ್ಕೊಮ್ಮೆ, 85 ಮತ್ತು 90ರ ನಡುವೆ ಡೆಡ್ ಬ್ಯಾಂಡ್. ಕ್ಲಾಸಿನಲ್ಲಿ ಥರ್ಮೋಸ್ಟಾಟ್ ಉದಾಹರಣೆ ಕೇಳಿ ಕೇಳಿ ಬೇಜಾರಾದವರಿಗೆ ಇದು ಒಳ್ಳೆಯ ಬದಲಿ.

ಆದರೆ ಇದನ್ನ ಓದಿ ನಾಳೆಯಿಂದ ನೀವೇ ಶುರು ಮಾಡಬೇಡಿ. ನಾವು ಒತ್ತಿ ಹೇಳ್ತಿದೀವಿ. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಜೋರಾಗಿರುತ್ತೆ. ಬೈಕ್ ಓಡಿಸೋರು, ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಲ್ಲೋರು ಯೋಚಿಸಬೇಕು. ಮೂರ್ಛೆ ರೋಗ, ಬೈಪೋಲಾರ್ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ನಿದ್ದೆಯಲ್ಲಿ ನಡೆಯುವ ಅಭ್ಯಾಸ ಇದ್ದವರಿಗೆ ಇದು ಅಪಾಯವೂ ಆಗಬಹುದು. ತಿಳಿದವರ ಕೈಕೆಳಗೆ ಮಾಡಬೇಕಾದ ಕೆಲಸ. ಮಾತ್ರೆಯಿಲ್ಲದ ಚಿಕಿತ್ಸೆ ಅಂದರೆ ಅಡ್ಡ ಪರಿಣಾಮ ಇಲ್ಲದ ಚಿಕಿತ್ಸೆ ಅಂತ ಅರ್ಥ ಅಲ್ಲ.

ಈ ಕೊನೆಯ ವಾಕ್ಯವನ್ನು ಅಳತೆ ಮಾಡಿ ತೋರಿಸಿದವರಲ್ಲಿ ಸೈಮನ್ ಕೈಲ್ ಒಬ್ಬರು. ಆಗ ಅವರು ವೃತ್ತಿಯ ಆರಂಭದ ವರ್ಷಗಳಲ್ಲಿದ್ದರು. 2014ರಲ್ಲಿ ಅವರು ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು ಬರೀ 16 ರೋಗಿಗಳು. ಆದರೆ ಅವರ ನಿದ್ದೆಯನ್ನು ಯಂತ್ರ ಹಾಕಿ ಅಳೆದರು, ಹಗಲಿನ ಜಾಗರೂಕತೆಯನ್ನೂ ಪರೀಕ್ಷಿಸಿದರು. ಚಿಕಿತ್ಸೆಯ ಮೊದಲ ವಾರಗಳಲ್ಲಿ ನಿದ್ದೆ ನಿಜಕ್ಕೂ ಕಡಿಮೆ ಆಗುತ್ತೆ, ತೂಕಡಿಕೆ ಹೆಚ್ಚುತ್ತೆ, ಪ್ರತಿಕ್ರಿಯೆ ನಿಧಾನ ಆಗುತ್ತೆ ಅಂತ ಕಂಡಿತು. ತಾವು ನಂಬಿದ ಚಿಕಿತ್ಸೆಯ ತೊಂದರೆಯನ್ನೇ ಹುಡುಕಿಕೊಂಡು ಹೋಗೋದು ಸುಲಭ ಅಲ್ಲ. ಹೆಸರು ಮಾಡಬೇಕಾದ ವಯಸ್ಸಿನಲ್ಲಂತೂ ಇನ್ನೂ ಕಷ್ಟ.

ಒಂಬತ್ತು ವರ್ಷದ ನಂತರ, 2023ರಲ್ಲಿ, ಅದೇ ಕೈಲ್ ಮುಂದಾಳತ್ವದ ಹ್ಯಾಬಿಟ್ ಎಂಬ ಪ್ರಯೋಗ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಈ ಸಲ 642 ಜನ, ಇಂಗ್ಲೆಂಡಿನ 35 ಊರ ಡಾಕ್ಟರ್ ಕ್ಲಿನಿಕ್ಕುಗಳು. ಚಿಕಿತ್ಸೆ ಕೊಟ್ಟದ್ದು ಮನಶ್ಶಾಸ್ತ್ರಜ್ಞರಲ್ಲ, ಸ್ವಲ್ಪ ತರಬೇತಿ ಪಡೆದ ಅಲ್ಲಿನ ನರ್ಸ್‌ಗಳು. ನಾಲ್ಕು ವಾರ, ನಾಲ್ಕು ಸಲ ಮಾತು. ನಿದ್ರಾಹೀನತೆಯ ತೀವ್ರತೆ ಅಳೆಯಲು ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ, ಒಟ್ಟು ಅಂಕ 28, ಹೆಚ್ಚಾದಷ್ಟೂ ಕಾಯಿಲೆ ಹೆಚ್ಚು. ಆರು ತಿಂಗಳ ನಂತರ, ನಿದ್ದೆಯ ಒಳ್ಳೆಯ ಅಭ್ಯಾಸಗಳ ಕೈಪಿಡಿ ಮಾತ್ರ ಪಡೆದವರ ಸರಾಸರಿ 13.9, ಕೈಪಿಡಿ ಜೊತೆ ನರ್ಸ್ ಚಿಕಿತ್ಸೆಯನ್ನೂ ಪಡೆದವರದ್ದು 10.9. ಇದಕ್ಕೆ ದುಡ್ಡು ಹಾಕಿದ್ದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ.

1987ರಲ್ಲಿ 35 ರೋಗಿಗಳು, 2023ರಲ್ಲಿ 642. ನಡುವೆ 36 ವರ್ಷ. ಇದರ ಪಕ್ಕದಲ್ಲಿ ಒಂದು ಮಾತ್ರೆಯ ಕಥೆ ಇಡಿ. ಎಚ್ಚರವಾಗಿಡುವ ಒರೆಕ್ಸಿನ್ ಎಂಬ ಮಿದುಳಿನ ರಾಸಾಯನಿಕ ಗೊತ್ತಾದದ್ದು 1998ರಲ್ಲಿ. ಅದನ್ನು ತಡೆಯುವ ಸುವೊರೆಕ್ಸಾಂಟ್ ಮಾತ್ರೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2014ರಲ್ಲಿ. ಶೂನ್ಯದಿಂದ ಅಂಗಡಿಗೆ 16 ವರ್ಷ. ನಾವು ಮಾತ್ರೆಯನ್ನು ಬೈತಿಲ್ಲ. ಕೆಲವರಿಗೆ, ಕೆಲವು ಕಾಲ, ಡಾಕ್ಟರ್ ಹೇಳಿದಂತೆ ಅದು ಬೇಕು. ಆದರೆ ಮಾವನ ಶೀಟಿನಿಂದ ಎತ್ತಿಕೊಳ್ಳೋದು ಬೇರೆ. ಜೋಲ್ಪಿಡೆಮ್‌ನಂಥ ಮಾತ್ರೆಗಳಿಗೆ 2019ರಲ್ಲಿ ಎಫ್‌ಡಿಎ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿಸಿತು, ನಿದ್ದೆಯಲ್ಲೇ ಎದ್ದು ನಡೆದವರು, ಗಾಡಿ ಓಡಿಸಿದವರು ಇದ್ದಾರೆ ಅಂತ. ನಮ್ಮ ಪ್ರಶ್ನೆ ಬೇರೆಯದು. ಮಾತ್ರೆಗೆ ಪೇಟೆಂಟ್ ಇದೆ, ಅದಕ್ಕೆ ಓಡೋ ಕಾಲಿದೆ. ಹನ್ನೆರಡೂವರೆಗೆ ಮಲಗು ಅನ್ನೋದಕ್ಕೆ ಪೇಟೆಂಟ್ ಇಲ್ಲ.

ಆಪ್ ಮಾಡಿದರೆ ಆಯ್ತಲ್ಲ ಅಂತೀರಾ? ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಾರಾದರೂ ಒಬ್ಬರು ಅನ್ನಲೇಬೇಕು. ಮಾಡಿದ್ದಾರೆ. ಅಮೆರಿಕದ ಪೇರ್ ಥೆರಾಪ್ಯೂಟಿಕ್ಸ್ ಕಂಪನಿಯ ಸಾಮ್ರಿಸ್ಟ್ ಎಂಬ ಸಿಬಿಟಿ-ಐ ಆಪ್‌ಗೆ 2020ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. 2023ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಚಿಕಿತ್ಸೆ ಕೆಲಸ ಮಾಡೋದು ಬೇರೆ, ಅದರಿಂದ ಕಂಪನಿ ಬದುಕೋದು ಬೇರೆ. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3755 ವಿದ್ಯಾರ್ಥಿಗಳ ಮೇಲೆ ನಡೆದ ಒಯಾಸಿಸ್ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಸ್ಲೀಪಿಯೊ ಎಂಬ ಆನ್‌ಲೈನ್ ಸಿಬಿಟಿ-ಐ ಪಡೆದವರಿಗೆ ನಿದ್ದೆ ಸುಧಾರಿಸಿತು, ಜೊತೆಗೆ ಬೇರೆಯವರ ಬಗ್ಗೆ ಸುಮ್ಮಸುಮ್ಮನೆ ಹುಟ್ಟುವ ಅನುಮಾನ, ಭಯಗಳೂ ಕಡಿಮೆಯಾದವು. ನಮ್ಮದೇ ವಯಸ್ಸಿನವರ ಮೇಲೆ ನಡೆದದ್ದು, ಆದ್ದರಿಂದ ಇದನ್ನ ನಾವು ಎರಡು ಸಲ ಓದಿದೆವು. ಆದರೆ ಆರೂ ಪಾಠ ಮುಗಿಸಿದವರು ಐದರಲ್ಲಿ ಒಬ್ಬರಿಗಿಂತ ಕಡಿಮೆ. ಎನ್‌ಪಿಟೆಲ್ ಕೋರ್ಸಿಗೆ ಸೇರಿ ಎರಡನೇ ವಾರಕ್ಕೆ ಬಿಟ್ಟ ನಮಗೆ ಇದು ಅರ್ಥ ಆಗುತ್ತೆ. ಈ ಲೇಖನಕ್ಕೆ ಅಂತ ನಾವು ನಾಲ್ವರು ಎರಡು ವಾರ ನಿದ್ದೆಯ ಡೈರಿ ಬರೆಯೋಣ ಅಂದುಕೊಂಡೆವು. ಹದಿನಾಲ್ಕನೇ ದಿನ ಬರೆಯುತ್ತಿದ್ದವಳು ಒಬ್ಬಳೇ.

ಅಳೆಯೋದೇ ಕಷ್ಟ

ಹೊಸಬರಿಗೆ ಈ ಕ್ಷೇತ್ರ ಯಾಕೆ ಕಷ್ಟ ಅನ್ನೋದಕ್ಕೆ ದುಡ್ಡು ಮಾತ್ರ ಕಾರಣ ಅಲ್ಲ. ಮಾತ್ರೆಯ ಪ್ರಯೋಗದಲ್ಲಿ ಅರ್ಧ ಜನಕ್ಕೆ ಸಕ್ಕರೆ ಗುಳಿಗೆ ಕೊಡಬಹುದು, ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ಇಲ್ಲಿ ಹಾಗಾಗಲ್ಲ. ಹನ್ನೆರಡೂವರೆವರೆಗೆ ಎದ್ದು ಕೂತವರಿಗೆ ತಾವು ಏನೋ ಮಾಡ್ತಿದೀವಿ ಅಂತ ಗೊತ್ತೇ ಇರುತ್ತೆ. ಏನೂ ಪಡೆಯದೆ ಕಾಯುತ್ತಾ ಕೂತವರ ಜೊತೆ ಹೋಲಿಸಿದರೆ ಯಾವ ಚಿಕಿತ್ಸೆಯೂ ಚೆನ್ನಾಗಿ ಕಾಣುತ್ತೆ. ಹೋಲಿಕೆಯ ಗುಂಪಿಗೆ ಏನು ಕೊಡಬೇಕು ಅನ್ನೋದೇ ಒಂದು ಸಂಶೋಧನೆ.

ಎರಡನೇದು ಉಪಕರಣ. ಲ್ಯಾಬಿನ ಪಾಲಿಸೋಮ್ನೋಗ್ರಫಿಯಲ್ಲಿ ತಲೆ, ಕಣ್ಣು, ಗಲ್ಲಕ್ಕೆ ಎಲೆಕ್ಟ್ರೋಡ್ ಹಚ್ಚಿ, ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಒಂದೊಂದೂ ನಿದ್ದೆಯ ಯಾವ ಹಂತ ಅಂತ ಗುರುತು ಹಾಕುತ್ತಾರೆ. ಎಂಟು ಗಂಟೆಗೆ 960 ತುಂಡು. ದುಬಾರಿ, ಮತ್ತು ಆ ವೈರುಗಳ ನಡುವೆ ಯಾರಿಗೆ ನಿದ್ದೆ ಬರುತ್ತೆ ಅನ್ನೋ ಪ್ರಶ್ನೆ ಬೇರೆ. ಕಡಿಮೆ ಖರ್ಚಿನದು ಕೈಗೆ ಕಟ್ಟುವ ಆಕ್ಟಿಗ್ರಾಫ್, ನಮ್ಮ ಸ್ಮಾರ್ಟ್‌ವಾಚಿನ ಹಿರಿಯಣ್ಣ. ಒಳಗೆ ಇರೋದು ಆಕ್ಸೆಲರೋಮೀಟರ್. ಕೈ ಅಲ್ಲಾಡದಿದ್ದರೆ ನಿದ್ದೆ ಅಂತ ಬರೆದುಕೊಳ್ಳುತ್ತೆ. ನಿದ್ರಾಹೀನತೆಯವರು ಏನು ಮಾಡುತ್ತಾರೆ? ಅಲ್ಲಾಡದೆ, ಕಣ್ಣು ಮುಚ್ಚಿ, ಎಚ್ಚರವಾಗಿ ಬಿದ್ದಿರುತ್ತಾರೆ. ಅಂದರೆ ಯಾರಿಗಾಗಿ ಈ ಅಳತೆ ಬೇಕೋ ಅವರಲ್ಲೇ ಇದು ಹೆಚ್ಚು ತಪ್ಪುತ್ತೆ. ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಹುಡುಕ್ತಿರೋ ಫೈನಲ್ ಇಯರ್‌ನವರೇ, ಬೆಳೆ ರೋಗ ಪತ್ತೆಯ ನೂರನೇ ಮಾಡೆಲ್ ಬದಲು ಇದನ್ನ ನೋಡಬಹುದು.

ಮೂರನೇದು ಸಂಖ್ಯೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ನಮ್ಮ ರಾಜ್ಯದ ಕಥೆಯೂ ಇಲ್ಲೇ ಬರುತ್ತೆ.

ಬೆಂಗಳೂರಿನಲ್ಲಿ ಈ ಕೆಲಸ ಹೊಸದಲ್ಲ. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಮಂಜುನಾಥ್ ಮತ್ತು ಶರ್ಲಿ ಟೆಲ್ಲೆಸ್ 2005ರಲ್ಲಿ ವೃದ್ಧಾಶ್ರಮವೊಂದರ 69 ಹಿರಿಯರ ಮೇಲಿನ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ಯೋಗ, ಒಂದಕ್ಕೆ ಆಯುರ್ವೇದ, ಒಂದು ಗುಂಪು ಸುಮ್ಮನೆ ಕಾದಿತ್ತು. ಆರು ತಿಂಗಳ ನಂತರ ಯೋಗದ ಗುಂಪಿನವರು ಸುಮಾರು ಹತ್ತು ನಿಮಿಷ ಬೇಗ ನಿದ್ದೆ ಹೋಗುತ್ತೀವಿ, ಸುಮಾರು ಒಂದು ಗಂಟೆ ಹೆಚ್ಚು ಮಲಗುತ್ತೀವಿ ಅಂದರು. ಅವರು ಅಂದದ್ದು, ಯಂತ್ರ ಅಳೆದದ್ದಲ್ಲ, ಈ ವ್ಯತ್ಯಾಸ ನೆನಪಿರಲಿ. ನಿಮ್ಹಾನ್ಸ್‌ನವರು 2006ರಲ್ಲಿ ಸುದರ್ಶನ ಕ್ರಿಯೆ ಮತ್ತು ವಿಪಶ್ಯನ ಧ್ಯಾನ ಮಾಡುವವರ ನಿದ್ದೆಯನ್ನು ಯಂತ್ರದಿಂದಲೇ ಅಳೆದರು. ನಡುವಯಸ್ಸಿನಲ್ಲಿ ಕಡಿಮೆಯಾಗುವ ಗಾಢ ನಿದ್ದೆ ಅವರಲ್ಲಿ ಉಳಿದುಕೊಂಡಿತ್ತು. ಆದರೆ ವರ್ಷಗಟ್ಟಲೆ ಧ್ಯಾನ ಮಾಡಿದವರು ಮೊದಲೇ ಬೇರೆ ಥರದ ಜನ ಆಗಿರಬಹುದಲ್ಲ? 2021ರಲ್ಲಿ ನ್ಯಾಷನಲ್ ಮೆಡಿಕಲ್ ಜರ್ನಲ್ ಆಫ್ ಇಂಡಿಯಾದಲ್ಲಿ ಬಂದ ಪ್ರಯೋಗ ಇನ್ನೂ ಮುಂದೆ ಹೋಗಿ, ನಿದ್ರಾಹೀನತೆ ಇರುವವರಿಗೇ ಯೋಗನಿದ್ರೆಯನ್ನು ನೇರವಾಗಿ ಸಿಬಿಟಿ-ಐ ಎದುರು ಇಟ್ಟು ನೋಡಿತು. ಎರಡೂ ಸಹಾಯ ಮಾಡಿದವು. ಇದ್ದವರು ನಲವತ್ತು ಚಿಲ್ಲರೆ ರೋಗಿಗಳು.

ನಲವತ್ತು ಸಾಕಾ? ಒಂದು ಸುಲಭ ಸೂತ್ರ ಇದೆ. ಎರಡು ಗುಂಪುಗಳ ಸರಾಸರಿಗಳ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಿ, ಅದರ ವರ್ಗದಿಂದ 16ನ್ನು ಭಾಗಿಸಿದರೆ ಒಂದೊಂದು ಗುಂಪಿಗೆ ಬೇಕಾದ ಜನ ಸಿಗುತ್ತೆ. ವ್ಯತ್ಯಾಸ ನಿಜವಾಗಿ ಇದ್ದರೆ ನೂರಕ್ಕೆ ಎಂಬತ್ತು ಸಲ ಕಣ್ಣಿಗೆ ಬೀಳುವಷ್ಟು. ವ್ಯತ್ಯಾಸ ಅರ್ಧ ಡೀವಿಯೇಷನ್ ಇದ್ದರೆ 64 ಜನ. 0.2 ಇದ್ದರೆ 400. ಎರಡು ಒಳ್ಳೆಯ ಚಿಕಿತ್ಸೆಗಳಲ್ಲಿ ಯಾವುದು ಮೇಲು ಅನ್ನುವಾಗ ವ್ಯತ್ಯಾಸ ಸಣ್ಣದೇ ಇರುತ್ತೆ. ಅಂದರೆ ಗುಂಪಿಗೆ ಇಪ್ಪತ್ತು ಜನ ಇಟ್ಟುಕೊಂಡು ಆ ಪ್ರಶ್ನೆಗೆ ಗಟ್ಟಿ ಉತ್ತರ ಸಿಗಲ್ಲ. ಇದು ಸಂಶೋಧಕರ ಸೋಮಾರಿತನ ಅಲ್ಲ. ಒಬ್ಬರ ಕೈಯಲ್ಲಿ ಆಗೋದು ಅಷ್ಟೇ.

ಹೇಗೆ ಅಂತ ಲೆಕ್ಕ ಹಾಕೋಣ. ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ ಗುಂಪಿಗೆ 64ರ ಪ್ರಯೋಗ ಮಾಡಬೇಕು. ನಡುವೆ ಬಿಡುವವರಿಗೆ ಅಂತ ಸ್ವಲ್ಪ ಸೇರಿಸಿ ಗುಂಪಿಗೆ 80. ಚಿಕಿತ್ಸೆಯ ಗುಂಪಿನ ಒಬ್ಬೊಬ್ಬರಿಗೂ ಆರು ಸಲ ಕೂತು ಮಾತಾಡಿದರೆ 480 ಭೇಟಿ. ಅದಕ್ಕೂ ಮುಂಚೆ ಎಥಿಕ್ಸ್ ಕಮಿಟಿ ಒಪ್ಪಿಗೆ, ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ, ಪ್ರಶ್ನಾವಳಿಯ ಅನುವಾದ, ತಾನೇ ಚಿಕಿತ್ಸೆ ಕೊಡಲು ಕಲಿಯೋದು. ಆಮೇಲೆ ಜನರನ್ನು ಹುಡುಕೋದು. ಕೊನೆಯವರ ಚಿಕಿತ್ಸೆ ಮುಗಿದ ಮೇಲೆ ಒಂದು ವರ್ಷ ಕಾಯಬೇಕು, ಯಾಕಂದ್ರೆ ಮಾತ್ರೆಗಿಂತ ಇದು ಮೇಲು ಅನ್ನೋದಕ್ಕೆ ಮುಖ್ಯ ಆಧಾರವೇ ನಿಲ್ಲಿಸಿದ ಮೇಲೂ ಫಲ ಉಳಿಯುತ್ತೆ ಅನ್ನೋದು. ಫೆಲೋಶಿಪ್ ಐದು ವರ್ಷ, 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಅದೇ ಐದು ವರ್ಷದಲ್ಲಿ ಕೋರ್ಸ್‌ವರ್ಕ್, ಪೇಪರ್, ಥೀಸಿಸ್. ಗೈಡ್ ಏನಂತಾರೆ? "ನಲವತ್ತು ಜನ ಸಾಕಮ್ಮ, ಮೂರು ತಿಂಗಳು ಫಾಲೋ ಅಪ್ ಮಾಡು, ಮುಗಿಸು." ನಾವಾದರೂ ಹಾಗೇ ಅನ್ನುತ್ತಿದ್ದೆವು.

ಯಾರು ಕೈ ಹಿಡಿಯಬೇಕು?

ಕೆಲವು ಕಡೆ ಇದಕ್ಕೆ ದಾರಿ ಮಾಡಿದ್ದಾರೆ. ಅಮೆರಿಕದ ಎನ್‌ಐಎಚ್ ಕೊಡುವ ಕೆ23 ಎಂಬ ಅನುದಾನ ರೋಗಿಗಳ ಜೊತೆ ಕೆಲಸ ಮಾಡುವ ಯುವ ಸಂಶೋಧಕರಿಗೆ ಮೂರರಿಂದ ಐದು ವರ್ಷ ಸಿಗುತ್ತೆ. ಕೆಲಸದ ಸಮಯದಲ್ಲಿ ಕನಿಷ್ಠ 75 ಪ್ರತಿಶತ ಸಂಶೋಧನೆ ಮತ್ತು ಕಲಿಕೆಗೇ ಇರಬೇಕು ಅನ್ನೋದು ಷರತ್ತು. ಮೇಲಿನವರು ಬಂದು ಇನ್ನೊಂದು ಕ್ಲಾಸ್ ತಗೋ, ಇನ್ನೊಂದು ಡ್ಯೂಟಿ ಮಾಡು ಅನ್ನೋ ಹಾಗಿಲ್ಲ. ನಮಗೆ ದುಡ್ಡಿಗಿಂತ ಈ ಷರತ್ತೇ ಹೆಚ್ಚು ಬೆಲೆಯದು ಅನ್ನಿಸಿತು. ಅಲ್ಲಿನ ನಿದ್ರಾ ವೈದ್ಯರ ಸಂಘದ ಪ್ರತಿಷ್ಠಾನ, ಇಂಥ ಅನುದಾನ ಸ್ವಲ್ಪದರಲ್ಲಿ ಕೈತಪ್ಪಿದವರಿಗೆ ನಡುವಿನ ಸೇತುವೆಯಾಗಿ ಒಂದು ಸಣ್ಣ ಅನುದಾನ ಇಟ್ಟಿದೆ. ಒಳ್ಳೆಯ ಅಂಕ ಬಂದೂ ಸೀಟು ಸಿಗದವರು ಕ್ಷೇತ್ರವನ್ನೇ ಬಿಟ್ಟು ಹೋಗಬಾರದು ಅನ್ನೋ ಲೆಕ್ಕ.

ನಮ್ಮಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2015ರಲ್ಲಿ ಸತ್ಯಂ ಎಂಬ ಹೆಸರಿನಲ್ಲಿ ಯೋಗ ಮತ್ತು ಧ್ಯಾನದ ಸಂಶೋಧನೆಗೆ ಯೋಜನೆ ಶುರು ಮಾಡಿತು. ಪಿಎಚ್‌ಡಿ ಮುಗಿಸಿದವರಿಗೆ ಐದು ವರ್ಷದ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಇದೆ. ಇವು ಒಳ್ಳೆಯವೇ. ಆದರೆ ಒಬ್ಬೊಬ್ಬರಿಗೂ ಪ್ರತ್ಯೇಕ ದುಡ್ಡು ಕೊಟ್ಟು ನಲವತ್ತು ನಲವತ್ತರ ಹತ್ತು ಅಧ್ಯಯನ ಮಾಡಿಸೋದಕ್ಕಿಂತ, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನ ಹತ್ತು ವಿದ್ಯಾರ್ಥಿಗಳು ಒಂದೇ ವಿಧಾನ, ಒಂದೇ ಪ್ರಶ್ನಾವಳಿ ಹಿಡಿದು ಮಾಡಿದರೆ 400 ಆಗುತ್ತಲ್ಲ? ಒಬ್ಬೊಬ್ಬರಿಗೂ ಒಂದೊಂದು ಥೀಸಿಸ್ ಪ್ರಶ್ನೆ ಬೇರೆ ಇರಲಿ, ಡೇಟಾ ಒಂದೇ ಇರಲಿ. ಯಾರ ಹೆಸರು ಮೊದಲು ಅನ್ನೋ ಜಗಳ ಬರುತ್ತೆ, ಗೊತ್ತು. ನಾಲ್ಕು ಜನರ ಮಿನಿ ಪ್ರಾಜೆಕ್ಟಿನಲ್ಲೇ ಬರುತ್ತೆ.

ಭಾಷೆಯ ಕೆಲಸವೂ ಇದೆ, ಅದು ಕನ್ನಡ ಸಂಘದವರಾದ ನಮಗೆ ಹತ್ತಿರದ್ದು. ಪ್ರಶ್ನಾವಳಿಯನ್ನು ಕನ್ನಡಕ್ಕೆ ತರೋದು ಅಂದರೆ ಒಮ್ಮೆ ಅನುವಾದ ಮಾಡಿ ಮುಗಿಸೋದಲ್ಲ. ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಒಯ್ಯಬೇಕು, ಎರಡೂ ಹೊಂದುತ್ತಾ ನೋಡಬೇಕು, ಆಮೇಲೆ ಜನರ ಮುಂದೆ ಇಟ್ಟು ಪರೀಕ್ಷಿಸಬೇಕು. "ನಿದ್ದೆ ಬರಲ್ಲ" ಅಂದವರಿಗೆ ನಿದ್ದೆ ಹತ್ತಲು ತಡವಾಗೋದಾ, ನಡುರಾತ್ರಿ ಎಚ್ಚರ ಆಗೋದಾ, ನಾಲ್ಕಕ್ಕೇ ಎಚ್ಚರವಾಗಿ ಮತ್ತೆ ಬಾರದಿರೋದಾ? ಮೂರೂ ಬೇರೆ, ಪಟ್ಟಿಯಲ್ಲಿ ಮೂರಕ್ಕೂ ಬೇರೆ ಪ್ರಶ್ನೆ ಇವೆ. ಬೀದರಿನ ಅಜ್ಜಿಗೂ ಕುಂದಾಪುರದ ಮೀನುಗಾರರಿಗೂ ಒಂದೇ ಮಾತು ಒಂದೇ ಅರ್ಥ ಕೊಡಬೇಕು.

ಇನ್ನು ಆ "ಬೇರೆ ಕೋಣೆ". ಮನೆಯಲ್ಲಿ ಒಬ್ಬೊಬ್ಬರಿಗೂ ಒಂದು ಕೋಣೆ ಇರುವವರನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ ಅದು. ಒಂದೇ ಹಾಲಿನಲ್ಲಿ ಐವರು ಮಲಗುವ ಮನೆಯಲ್ಲಿ, ಮೂವರ ಹಾಸ್ಟೆಲ್ ರೂಮಿನಲ್ಲಿ ಅದಕ್ಕೆ ಬದಲಿ ಏನು? ಎದ್ದು ಕುರ್ಚಿಯಲ್ಲಿ ಕೂತರೆ ಸಾಕಾ? ಚಾಪೆ ಮಡಿಸಿ ಮತ್ತೆ ಹಾಸಿದರೆ ಮಿದುಳಿಗೆ ಅದು ಬೇರೆ ಜಾಗ ಅನ್ನಿಸುತ್ತಾ? ಚಾಪೆಯ ಮಾತು ನಮ್ಮ ಗುಂಪಿನಲ್ಲಿ ಬಂದ ಊಹೆ, ನಿಜ ಅಂತ ತಗೋಬೇಡಿ. ಪರೀಕ್ಷೆ ಮಾಡಬಹುದಾದ ಊಹೆ ಅಷ್ಟೇ. ಮಾಡಬೇಕಾದವರು ಇಂಥ ರೂಮಿನಲ್ಲಿ ಮಲಗಿ ಗೊತ್ತಿರೋ ಯಾರೋ ಒಬ್ಬ ವಿದ್ಯಾರ್ಥಿ, ಅವರಿಗೆ ಬೇಕಾದ್ದು ನಾಲ್ಕೈದು ವರ್ಷದ ನಿಶ್ಚಿಂತೆ.

ಗ್ರೂಪಿನಲ್ಲಿ ಕೇಳಿದ ಆ ಗೆಳೆಯನಿಗೆ ಈಗ ನಾವು ಹೇಳಿದ್ದು ಇಷ್ಟು. ಪರೀಕ್ಷೆ ವಾರ ನಿದ್ದೆ ಕೆಡೋದು ಎಲ್ಲರಿಗೂ ಇದ್ದದ್ದೇ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಡೆದು ಹಗಲಿನ ಕೆಲಸವೂ ಕೆಡುತ್ತಿದ್ದರೆ ಅದಕ್ಕೆ ದೀರ್ಘಕಾಲದ ನಿದ್ರಾಹೀನತೆ ಅಂತಾರೆ, ಆಗ ಡಾಕ್ಟರ್ ಹತ್ತಿರ ಹೋಗಿ ಸಿಬಿಟಿ-ಐ ಬಗ್ಗೆ ಹೆಸರು ಹೇಳಿ ಕೇಳು. ಮನಸ್ಸು ತುಂಬಾ ಕುಸಿದಿದ್ದರೆ ಮೂರು ತಿಂಗಳು ಕಾಯಬೇಡ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ, ನಮ್ಮ ಕ್ಯಾಂಪಸ್ಸಿಗೆ ಯಾರಾದರೂ ಪಿಎಚ್‌ಡಿ ವಿದ್ಯಾರ್ಥಿನಿ ನಿದ್ದೆಯ ಅಧ್ಯಯನಕ್ಕೆ ಜನ ಹುಡುಕಿಕೊಂಡು ಬಂದರೆ ಹೆಸರು ಕೊಡೋದು ಸುಲಭ, ಮೊದಲ ದಿನ ಎಲ್ಲರೂ ಕೊಡ್ತೀವಿ. ಅವಳಿಗೆ ಬೇಕಾದ್ದು ಹನ್ನೆರಡನೇ ತಿಂಗಳ ಫಾರ್ಮ್. ಅಷ್ಟೊತ್ತಿಗೆ ನಮಗೆ ನಿದ್ದೆ ಸರಿಯಾಗಿರುತ್ತೆ, ಅಥವಾ ಪ್ಲೇಸ್‌ಮೆಂಟ್ ಶುರುವಾಗಿರುತ್ತೆ, ಮೇಲ್ ಯಾವುದೋ ಟ್ಯಾಬಿನಲ್ಲಿ ಹೂತು ಹೋಗಿರುತ್ತೆ. ಹುಡುಕಿ ತೆಗೆದು ಏಳು ಪ್ರಶ್ನೆಗೆ ಟಿಕ್ ಹಾಕಿ ಕಳಿಸಿ. ಎರಡು ನಿಮಿಷದ ಕೆಲಸ.